ಬೆಟ್ಟಕ್ಕೆ ಹೋಗಿದ್ದಿರಾ? – ವೈದ್ಯಶಿಕ್ಷಣದಲ್ಲಿ ಅಧ್ಯಾಪಕರೂ ವಿದ್ಯಾರ್ಥಿಗಳೂ



ಅಂಕೋಲೆಯಲ್ಲಿ ಮೈಕಿನ ಮುಂದೆ ನಿಂತವರು 1930ರ ಉಪ್ಪಿನ ಸತ್ಯಾಗ್ರಹದಿಂದ ಮಾತು ಶುರು ಮಾಡುವುದು ವಾಡಿಕೆ. ಈ ಊರಿಗೆ ಸಲ್ಲಬೇಕಾದ ಗೌರವವೇ ಅದು. ಆದರೆ ನಾನು ಡಾಕ್ಟರು. ನಿಮ್ಮ ಬಸ್‌ಸ್ಟ್ಯಾಂಡಿನಿಂದ ಶುರು ಮಾಡುತ್ತೇನೆ. ಬೆಳಗಿನ ಹೊತ್ತು ಅಲ್ಲಿ ಒಂದು ಗಂಟೆ ನಿಂತು ನೋಡಿ. ಕೈಯಲ್ಲಿ ಎಕ್ಸ್‌ರೇ ಲಕೋಟೆಯೋ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಹಳೆಯ ಚೀಟಿಗಳ ಕಟ್ಟೋ ಹಿಡಿದವರು ಮೂರು ದಿಕ್ಕಿಗೆ ಹಂಚಿಹೋಗುತ್ತಾರೆ. ಕೆಲವರು ಉತ್ತರಕ್ಕೆ, ಕಾರವಾರ ದಾಟಿ ಗೋವೆಯ ಬಾಂಬೋಳಿಗೆ. ಕೆಲವರು ದಕ್ಷಿಣಕ್ಕೆ, ಮಣಿಪಾಲ ಮಂಗಳೂರಿಗೆ. ಉಳಿದವರು ಘಟ್ಟ ಹತ್ತಿ ಹುಬ್ಬಳ್ಳಿಗೆ.

ಈ ಮೂರೂ ದಾರಿಗಳ ಕೊನೆಯಲ್ಲಿ ಇರುವುದು ಒಂದೊಂದು ವೈದ್ಯಕೀಯ ಕಾಲೇಜು ಎಂಬುದನ್ನು ಗಮನಿಸಿ. ಗೋವೆಯ ವೈದ್ಯಶಾಲೆ ಪೋರ್ಚುಗೀಸರ ಕಾಲದ್ದು, 1842ರದ್ದು. ಮಣಿಪಾಲದ ಕಸ್ತೂರ್ಬಾ ಕಾಲೇಜು 1953ರದ್ದು. ಹುಬ್ಬಳ್ಳಿಯದು 1957ರದ್ದು. ನಿಮ್ಮ ಅಜ್ಜಿಯರ ಕಾಲದಿಂದಲೂ ಈ ಜಿಲ್ಲೆಯ ಜನ ಬೇರೆ ಊರಿನ ವಿದ್ಯಾರ್ಥಿಗಳಿಗೆ ಪಾಠವಾಗುತ್ತ ಬಂದಿದ್ದಾರೆ. ಕಾರವಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ನೀವು ಕ್ರಿಮ್ಸ್ ಎಂದು ಕರೆಯುವ ಸರ್ಕಾರಿ ಕಾಲೇಜು, ಮೊದಲ ತಂಡವನ್ನು ಸೇರಿಸಿಕೊಂಡದ್ದು 2016ರಲ್ಲಿ, 150 ಸೀಟುಗಳೊಂದಿಗೆ. ಇಲ್ಲಿಯ ರೋಗ, ಇಲ್ಲಿಯ ರೋಗಿ, ಇಲ್ಲಿಯ ಆಸ್ಪತ್ರೆ, ಇಲ್ಲಿಯೇ ಕಲಿಯುವ ಹುಡುಗ ಹುಡುಗಿಯರು: ಈ ನಾಲ್ಕೂ ಒಂದೇ ಕಡೆ ಸೇರಿದ್ದು ಈಚಿನ ಮಾತು.

ಈ ಹೊಸ ಸ್ಥಿತಿಯಲ್ಲಿ ಡಾಕ್ಟರಿಕೆಯ ಪಾಠ ಹೇಗಿರಬೇಕೆಂದು ಯಾರು ಯಾರೊಡನೆ ಕೂತು ತೀರ್ಮಾನಿಸಬೇಕು ಎಂಬುದೇ ನನ್ನ ಇಂದಿನ ವಿಷಯ. ಮೊದಲು ಸ್ವಲ್ಪ ಹಳೆಯ ಕತೆ ಹೇಳುತ್ತೇನೆ. ಆಮೇಲೆ ಭಾಷೆಗೆ ಬರುತ್ತೇನೆ; ನನ್ನ ಹೆಚ್ಚಿನ ಹೊತ್ತು ಅಲ್ಲೇ ಕಳೆಯುತ್ತದೆ, ಮೊದಲೇ ಹೇಳಿಬಿಡುತ್ತೇನೆ. ನಂತರ ಕುಟುಂಬ ದತ್ತು ಎಂಬ ಹೊಸ ಪದ್ಧತಿ. ಕೊನೆಗೆ ನಾವು ಎಲ್ಲೆಲ್ಲಿ ಎಡವುತ್ತೇವೆ ಎಂಬುದು. ನಾನು ಬಯಲುಸೀಮೆಯವನು. ಸಮುದಾಯ ವೈದ್ಯಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು. ಈ ಕಡೆಯ ಜನ, ಈ ಕಡೆಯ ಮಾತು ನನಗೆ ವಿದ್ಯಾರ್ಥಿಗಳಿಂದ ಬಂದದ್ದು. ಹಾಗಾಗಿ ಇಂದು ಸಾಲ ತೀರಿಸುವ ಕೆಲಸವೂ ಸ್ವಲ್ಪ ಇದೆ.

ಹಳೆಯ ಕತೆ. ಪಾಠಕ್ರಮದ ವಿಚಾರದಲ್ಲಿ ವಿದ್ಯಾರ್ಥಿಗಳ ಮಾತನ್ನೂ ಕೇಳಬೇಕು ಎಂದರೆ ಕೆಲವು ಹಿರಿಯ ಪ್ರಾಧ್ಯಾಪಕರು ಅದನ್ನು ಹೊರದೇಶದ ಫ್ಯಾಷನ್ ಎಂದು ತಳ್ಳಿಹಾಕುತ್ತಾರೆ. ಅಂಥವರಿಗೆ ನಾನು ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯ ನೋಡಿ ಎನ್ನುತ್ತೇನೆ. ವೈದ್ಯನಾಗಲು ಹೊರಟವನು ಮೊದಲು ಶಾಸ್ತ್ರವನ್ನು ಪರೀಕ್ಷಿಸಬೇಕು, ಆಮೇಲೆ ಆಚಾರ್ಯನನ್ನು ಪರೀಕ್ಷಿಸಬೇಕು ಎಂದು ಅಲ್ಲಿದೆ. ಗುರು ಶಿಷ್ಯನನ್ನು ಪರೀಕ್ಷಿಸುವ ಮಾತು ಬರುವುದು ಅದಾದ ಮೇಲೆ. ಅದೇ ಅಧ್ಯಾಯದಲ್ಲಿ ಒಂದೇ ವಿದ್ಯೆಯವರು ಕೂತು ನಡೆಸುವ ಚರ್ಚೆಗೆ ತದ್ವಿದ್ಯ ಸಂಭಾಷೆ ಎಂದು ಹೆಸರು. ಅದರಲ್ಲಿ ಎರಡು ಬಗೆ: ಸ್ನೇಹದಿಂದ ನಡೆಯುವ ಸಂಧಾಯ ಸಂಭಾಷೆ, ಗೆಲ್ಲಲೆಂದೇ ನಡೆಯುವ ವಿಗೃಹ್ಯ ಸಂಭಾಷೆ. ನಮ್ಮ ವೈವಾ ಪರೀಕ್ಷೆಗಳು ಯಾವ ಬಗೆಗೆ ಸೇರಿದವು ಎಂಬುದನ್ನು ಇಲ್ಲಿ ಕೂತ ವಿದ್ಯಾರ್ಥಿಗಳು ನನಗಿಂತ ಚೆನ್ನಾಗಿ ಬಲ್ಲರು. ಹಾಗೆಂದು ಚರಕನನ್ನು ಇಂದಿನ ಪ್ರಜಾಪ್ರಭುತ್ವವಾದಿಯನ್ನಾಗಿ ಮಾಡುವುದು ಬೇಡ. ಆ ಅಧ್ಯಾಯವೇ ಶಿಷ್ಯನಿಗೆ ವಿಧಿಸುವ ವಿಧೇಯತೆ ಬಲು ಬಿಗಿಯಾದದ್ದು.

ಆಧುನಿಕ ವೈದ್ಯಶಿಕ್ಷಣ ಬಹುಕಾಲ ಉಪನ್ಯಾಸದ ಕೊಠಡಿಯನ್ನೇ ನಂಬಿತ್ತು. ಮೊದಲ ವರ್ಷವೆಲ್ಲ ಹೆಣ ಕೊಯ್ಯುವುದು, ರೋಗಿಯ ಮುಖ ಕಾಣುವುದು ಆಮೇಲೆ. ಕೆನಡಾದ ಹ್ಯಾಮಿಲ್ಟನ್ ಊರಿನ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯ 1969ರಲ್ಲಿ ತನ್ನ ಮೊದಲ ತಂಡಕ್ಕೆ ಈ ಕ್ರಮವನ್ನು ತಿರುವಿಹಾಕಿತು. ಮೊದಲು ಒಬ್ಬ ರೋಗಿಯ ಸಮಸ್ಯೆ, ಆಮೇಲೆ ಅದಕ್ಕೆ ಬೇಕಾದ ಅಂಗರಚನೆ, ಔಷಧ, ಎಲ್ಲ. ಸಣ್ಣ ಗುಂಪಿನಲ್ಲಿ ವಿದ್ಯಾರ್ಥಿಗಳೇ ಹುಡುಕಬೇಕು, ಅಧ್ಯಾಪಕ ಪಕ್ಕದಲ್ಲಿ ಕೂತಿರಬೇಕು. 1974ರಲ್ಲಿ ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ಅದೇ ಹಾದಿ ಹಿಡಿಯಿತು.

ನಮ್ಮ ರಾಜ್ಯದಲ್ಲೂ ಅದೇ ಹೊತ್ತಿಗೆ ಬೇರೆ ಬಗೆಯ ಪ್ರಯತ್ನ ನಡೆದಿತ್ತು. 1963ರಲ್ಲಿ ಶುರುವಾದ ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜು 1973ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರಿನ ಹಾಲು ಉತ್ಪಾದಕರ ಸಹಕಾರ ಸಂಘದ ಜೊತೆ ಸೇರಿ ಆರೋಗ್ಯ ಕೇಂದ್ರ ನಡೆಸಿತು. ಹಾಲಿನ ಹಣದಲ್ಲಿ ಒಂದು ಪಾಲು ಔಷಧಕ್ಕೆ ಹೋಗುತ್ತಿತ್ತು. ಅದೇ ಕಾಲೇಜಿನಲ್ಲಿದ್ದ ಕೆಲವು ಅಧ್ಯಾಪಕರು ಹೊರಬಂದು 1984ರಲ್ಲಿ ಕಮ್ಯುನಿಟಿ ಹೆಲ್ತ್ ಸೆಲ್ ಕಟ್ಟಿದರು. ವೈದ್ಯಶಿಕ್ಷಣ ಹೇಗೆ ಬದಲಾಗಬೇಕು ಎಂಬ ಪ್ರಶ್ನೆ ಎತ್ತಿಕೊಂಡಾಗ ಅವರು ಹಳ್ಳಿಗಾಡಿನ ಸಣ್ಣ ಆಸ್ಪತ್ರೆಗಳಲ್ಲಿ ಕೆಲಸ ಮಾಡಿ ಬಂದ ಎಳೆಯ ಡಾಕ್ಟರುಗಳ ಬಳಿಯೂ ಹೋದರು: ಕಾಲೇಜು ನಿಮಗೆ ಕಲಿಸಿದ್ದರಲ್ಲಿ ಅಲ್ಲಿ ಏನು ಕೆಲಸಕ್ಕೆ ಬಂತು, ಏನು ಬರಲಿಲ್ಲ? ಈ ಪ್ರಶ್ನೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಕಲಿತವನು ಹೊರಗೆ ಹೋಗಿ ಏಟು ತಿಂದು ತಿರುಗಿ ಬಂದು ಮೇಷ್ಟರಿಗೆ ಹೇಳುವುದು. ಮೇಷ್ಟರು ಅದನ್ನು ಬರೆದುಕೊಳ್ಳುವುದು.

ಇನ್ನು ಸರ್ಕಾರಿ ನಿಯಮದ ಮಾತು, ಚುಟುಕಾಗಿ. 2019ರಲ್ಲಿ ಸೇರಿದ ತಂಡದಿಂದ ದೇಶದಾದ್ಯಂತ ಸಾಮರ್ಥ್ಯ ಆಧಾರಿತ ಪಾಠಕ್ರಮ ಬಂತು. ಶುರುವಿಗೆ ಆಗ ಒಂದು ತಿಂಗಳ ಫೌಂಡೇಶನ್ ಕೋರ್ಸು, ಅದರಲ್ಲಿ ಸ್ಥಳೀಯ ಭಾಷೆಯ ಕಲಿಕೆ. ಮೊದಲ ವರ್ಷದಿಂದಲೇ ರೋಗಿಯ ದರ್ಶನ. ನಡತೆ, ನೀತಿ, ಮಾತುಕತೆ ಇವುಗಳಿಗೆ ಬೇರೆಯೇ ಪಾಠಗಳು. ಮಾರನೆಯ ವರ್ಷ ಹಳೆಯ ಮೆಡಿಕಲ್ ಕೌನ್ಸಿಲ್ ಹೋಗಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂತು. ಕಾಗದದ ಮೇಲೆ ಇದೆಲ್ಲ ಚೆನ್ನಾಗಿಯೇ ಇದೆ. ದಿಲ್ಲಿಯಲ್ಲಿ ಬರೆದ ಕಾಗದಕ್ಕೆ ಕಾರವಾರದಲ್ಲಿ ಜೀವ ಬರಬೇಕಾದರೆ ಏನು ಆಗಬೇಕು ಎಂಬುದಕ್ಕೆ ಈಗ ಬರುತ್ತೇನೆ. ಇದು ನನ್ನ ಎರಡನೆಯ ಮಾತು, ಭಾಷೆಯದು.

ಮಂಗನ ಕಾಯಿಲೆಯ ಹೆಸರು ಇಲ್ಲಿ ಕೇಳದವರಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಹಳದಿ ಜ್ವರ ಭಾರತಕ್ಕೆ ಬಂದೇಬಿಟ್ಟಿತೇ ಎಂದು ಮೊದಲು ಹೆದರಿಕೆಯಾಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹುಡುಕಿದಾಗ ಅದು ಉಣುಗಿನಿಂದ ಹರಡುವ ಹೊಸ ವೈರಸ್ ಎಂದು ತಿಳಿಯಿತು. ರೋಗ ಆಮೇಲೆ ಘಟ್ಟದ ಉದ್ದಕ್ಕೂ ಹಬ್ಬಿತು. 2024ರ ಬೇಸಗೆಯಲ್ಲಿ ಇದೇ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನಲ್ಲಿ ಸಾವುಗಳಾದದ್ದು ನಿಮಗೆ ನೆನಪಿರಬಹುದು. ಹಳೆಯ ಲಸಿಕೆ ಸಾಲದೆಂದು 2022ರಲ್ಲೇ ನಿಂತಿತ್ತು. ಹೊಸದು ಬರುವವರೆಗೆ ನಮ್ಮ ಕೈಯಲ್ಲಿರುವುದು ಬೇಗ ಗುರುತಿಸುವುದು, ಉಣುಗು ಕಚ್ಚದಂತೆ ನೋಡಿಕೊಳ್ಳುವುದು, ಅಷ್ಟೇ.

ಬೇಗ ಗುರುತಿಸಲು ಒಂದು ಪ್ರಶ್ನೆ ಕೇಳಬೇಕು. ಆ ಪ್ರಶ್ನೆಯನ್ನು ನಾನು ಹಲವು ವರ್ಷ ತಪ್ಪಾಗಿ ಕೇಳಿದೆ. ತಪ್ಪಾಗಿಯೇ ಕಲಿಸಿದೆ.

ಘಟ್ಟದ ಮೇಲಿನ ಕಾಲೇಜೊಂದರಲ್ಲಿ ನಾನಿದ್ದಾಗ ಫೆಬ್ರವರಿಯ ಒಂದು ಬೆಳಿಗ್ಗೆ ಸಿದ್ದಾಪುರ ಕಡೆಯ ಹೆಂಗಸೊಬ್ಬರು ಜ್ವರ, ಮೈಕೈ ನೋವು, ಕಣ್ಣು ಕೆಂಪು ಎಂದು ಬಂದಿದ್ದರು. ಸುತ್ತ ಹತ್ತು ಹನ್ನೆರಡು ವಿದ್ಯಾರ್ಥಿಗಳು. ಹಿಸ್ಟರಿ ತೆಗೆಯುವುದು ಹೇಗೆಂದು ತೋರಿಸುವ ಹುರುಪಿನಲ್ಲಿ ನಾನೇ ಕೇಳಿದೆ: "ಅಮ್ಮಾ, ಹೋದ ವಾರ ಹತ್ತು ದಿನದಲ್ಲಿ ಕಾಡಿಗೆ ಹೋಗಿದ್ದಿರಾ?"

"ಇಲ್ಲ ಡಾಕ್ಟ್ರೇ. ನಾವು ಎಂತಕ್ಕೆ ಕಾಡಿಗೆ ಹೋಗ್ತೇವೆ?"

ನಾನು ವಿದ್ಯಾರ್ಥಿಗಳ ಕಡೆ ತಿರುಗಿ, ಕಾಡಿನ ಸಂಪರ್ಕ ಇಲ್ಲ, ಬರೆದುಕೊಳ್ಳಿ ಎಂದೆ. ಹನ್ನೆರಡು ಪೆನ್ನು ಬರೆದುಕೊಂಡವು. ಹಿಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು, ಅವಳೂ ಅದೇ ತಾಲ್ಲೂಕಿನವಳು, "ಸರ್, ಒಂದು ಡೌಟು" ಎಂದಳು. ನಮ್ಮ ಕಾಲೇಜುಗಳಲ್ಲಿ ಮೇಷ್ಟರು ತಪ್ಪಿದಾಗ ವಿದ್ಯಾರ್ಥಿಗೆ ಇರುವ ಮರ್ಯಾದೆಯ ಮಾತು ಅದೊಂದೇ. ತಪ್ಪು ಎನ್ನುವಂತಿಲ್ಲ, ಡೌಟು ಎನ್ನಬಹುದು. ಕೇಳು ಎಂದೆ. ಅವಳು ನನ್ನನ್ನು ಬಿಟ್ಟು ಆ ಹೆಂಗಸನ್ನೇ ಕೇಳಿದಳು.

"ಅಮ್ಮಾ, ಬೆಟ್ಟಕ್ಕೆ ಹೋಗಿದ್ರಾ?"

"ಬೆಟ್ಟಕ್ಕಾ? ದಿನಾ ಹೋಗೂದೆ ಮಗಾ. ದರಕು ತರಬೇಕಲ್ಲ."

ಈ ಸಭೆಗೆ ವಿವರಿಸಬೇಕಿಲ್ಲ, ಅಚ್ಚಾದ ಮೇಲೆ ಓದುವ ಬೇರೆ ಜಿಲ್ಲೆಯವರಿಗಾಗಿ ಹೇಳುತ್ತೇನೆ. ಈ ಜಿಲ್ಲೆಯ ಘಟ್ಟದ ತಾಲ್ಲೂಕುಗಳಲ್ಲಿ ತೋಟಕ್ಕೆ ಸೊಪ್ಪು, ಒಣಗಿದ ಎಲೆ ತರಲು ಬಿಟ್ಟಿರುವ ಮರಗಿಡಗಳ ಜಾಗಕ್ಕೆ ಬೆಟ್ಟ ಎನ್ನುತ್ತಾರೆ. ಎತ್ತರವಾಗಿರಬೇಕು ಎಂದೇನಿಲ್ಲ. ಕಾಡು ಎಂದರೆ ಅವರಿಗೆ ಬೇರೆ, ದೂರದ್ದು, ಅರಣ್ಯ ಇಲಾಖೆಯದು. ದರಕು ಎಂದರೆ ಉದುರಿದ ಎಲೆ. ಉಣುಗು ಕಾದು ಕೂತಿರುವುದು ಆ ಎಲೆಯ ಕೆಳಗೇ. ಜನವರಿಯಿಂದ ಬೇಸಗೆಯ ತನಕ ಎಲೆ ಗುಡಿಸುವ ಕಾಲವೂ ಅದೇ, ಕಾಯಿಲೆಯ ಕಾಲವೂ ಅದೇ. ನಾನು ಕೇಳಿದ ಪ್ರಶ್ನೆ ವ್ಯಾಕರಣದ ದೃಷ್ಟಿಯಿಂದ ಸರಿಯಾಗಿತ್ತು, ಪಠ್ಯಪುಸ್ತಕದ ದೃಷ್ಟಿಯಿಂದಲೂ ಸರಿಯಾಗಿತ್ತು. ಆ ಹೆಂಗಸು ಸುಳ್ಳು ಹೇಳಲಿಲ್ಲ. ಆಕೆಯ ರಕ್ತ ಪರೀಕ್ಷೆಗೆ ಹೋಗದೇ ಇದ್ದಿದ್ದರೆ ಅದಕ್ಕೆ ಕಾರಣ ನನ್ನ ಒಂದು ಪದದ ತಪ್ಪಾಗುತ್ತಿತ್ತು.

ಇಲ್ಲಿ ಯಾರು ಗುರು ಯಾರು ಶಿಷ್ಯೆ ಎಂದು ನಾಟಕೀಯವಾಗಿ ಕೇಳುವುದು ಬೇಡ. ಅವಳಿಗೆ ಬೆಟ್ಟ ಗೊತ್ತಿತ್ತು. ಉಣುಗು ಕಚ್ಚಿದ ಎಷ್ಟು ದಿನಕ್ಕೆ ಜ್ವರ ಬರುತ್ತದೆ, ಜ್ವರ ಬಿಟ್ಟು ಮತ್ತೆ ಬಂದರೆ ಏನನ್ನು ನೋಡಬೇಕು ಎಂಬುದು ನನಗೆ ಗೊತ್ತಿತ್ತು. ಎರಡೂ ಸೇರಿ ಒಂದು ಒಳ್ಳೆಯ ಪ್ರಶ್ನೆಯಾಯಿತು. ಮಾರನೆಯ ವರ್ಷದ ಪಾಠದಲ್ಲಿ ಅದನ್ನು ಸೇರಿಸಿಕೊಂಡೆ. ಜೊತೆಗೆಲಸ ಎಂದು ನಾನು ಕರೆಯುವುದು ಇದನ್ನೇ.

ಅಂದಿನಿಂದ ನಮ್ಮ ವಿಭಾಗದಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ಇಟ್ಟೆವು. ರೋಗಿ ಆಡಿದ ಮಾತನ್ನು ಆಡಿದಂತೆಯೇ ಬರೆಯಬೇಕು. ಪಕ್ಕದಲ್ಲಿ ಯಾವ ಊರು, ಏನರ್ಥ, ಯಾರು ಬರೆದರು. ಇಂಗ್ಲಿಷಿನ ವೈದ್ಯ ಪದಕ್ಕೆ ಕನ್ನಡದ ಸಮಾನಾರ್ಥ ಹುಡುಕುವ ಕೆಲಸವನ್ನು ದೊಡ್ಡವರು ಮಾಡಿದ್ದಾರೆ. ಡಾ. ಡಿ.ಎಸ್. ಶಿವಪ್ಪನವರು ವೈದ್ಯಕ ಪದಗಳಿಗಾಗಿ ಸವೆಸಿದ ಜೀವ ಎಂಥದೆಂದು ನನ್ನ ತಲೆಮಾರಿಗೆ ಗೊತ್ತು. ಅನುಪಮಾ ನಿರಂಜನರು ಹೆಂಗಸರಿಗೆ ನೇರವಾಗಿ ಅರ್ಥವಾಗುವಂತೆ ಬರೆದರು. ನಮ್ಮ ನೋಟ್‌ಬುಕ್ಕಿನ ದಾರಿ ಅವರದ್ದಕ್ಕೆ ಎದುರು ದಿಕ್ಕಿನದು: ರೋಗಿಯ ಬಾಯಿಂದ ಡಾಕ್ಟರ ಕಿವಿಗೆ.

ಅದರಲ್ಲಿ ನಗು ಬರಿಸುವ ಪುಟಗಳೂ ಇವೆ. ಸರ್ಕಾರಿ ಕಾಲೇಜುಗಳಲ್ಲಿ ನೂರಕ್ಕೆ ಹದಿನೈದು ಸೀಟು ಅಖಿಲ ಭಾರತ ಕೋಟಾದ್ದು. 150ರಲ್ಲಿ ಇಪ್ಪತ್ತೆರಡೋ ಇಪ್ಪತ್ತಮೂರೋ ಮಕ್ಕಳು ರಾಜಸ್ಥಾನ, ಬಿಹಾರ, ಕೇರಳ ಎಂದು ಎಲ್ಲೆಲ್ಲಿಂದಲೋ ಬರುತ್ತಾರೆ. ಫೌಂಡೇಶನ್ ಕೋರ್ಸಿನಲ್ಲಿ ಅವರಿಗೆ "ನಿಮಗೆ ಎಲ್ಲಿ ನೋವಿದೆ" ಎಂದು ಅಚ್ಚುಕಟ್ಟಾದ ಪುಸ್ತಕದ ಕನ್ನಡ ಕಲಿಸುತ್ತೇವೆ. ಉತ್ತರದ ಕಡೆಯ ಹುಡುಗನೊಬ್ಬ ಕಷ್ಟಪಟ್ಟು ಕನ್ನಡ ಕಲಿತು ಬಸುರಿಯೊಬ್ಬಳ ಕೇಸು ತೆಗೆದ. "ಹೊರಗಾಗಿ ಮೂರು ತಿಂಗಳಾಯ್ತು" ಎಂದಿದ್ದಾಳೆ ಆಕೆ. ಇವನು ಹಾಳೆಯಲ್ಲಿ, ರೋಗಿ ಮೂರು ತಿಂಗಳಿಂದ ಮನೆಯಿಂದ ಹೊರಗಿದ್ದಾಳೆ, ಕೌಟುಂಬಿಕ ಸಮಸ್ಯೆ ವಿಚಾರಿಸಬೇಕು ಎಂದು ಬರೆದಿದ್ದ! ಕ್ಲಾಸೆಲ್ಲ ನಕ್ಕಿತು. ನಕ್ಕು ಮುಗಿದ ಮೇಲೆ ನಾನು ಹೇಳಿದೆ: ಈ ಹುಡುಗ ಕೇಳಿಸಿಕೊಂಡಿದ್ದಾನೆ, ಕೇಳಿದ್ದನ್ನು ಹಾಗೇ ಬರೆದಿದ್ದಾನೆ, ಕನ್ನಡ ಬಲ್ಲ ನೀವು ಆ ಮಾತನ್ನೇ ಬರೆಯದೆ ನೇರವಾಗಿ ಎಲ್.ಎಂ.ಪಿ. ಎಂದು ಇಂಗ್ಲಿಷಿನ ಮೂರಕ್ಷರ ಗೀಚಿಬಿಟ್ಟಿದ್ದೀರಿ. ಅವನ ಹಾಳೆಯಿಂದಾಗಿ ಮುಟ್ಟಿಗೆ ಊರೂರಲ್ಲಿ ಏನೇನು ಹೆಸರಿದೆ, ಅದನ್ನು ಗಂಡು ವಿದ್ಯಾರ್ಥಿಯೊಬ್ಬ ಯಾವ ಮಾತಿನಲ್ಲಿ ಕೇಳಿದರೆ ಹೆಂಗಸರಿಗೆ ಮುಜುಗರವಾಗದು ಎಂಬ ಚರ್ಚೆ ಒಂದಿಡೀ ಮಧ್ಯಾಹ್ನ ನಡೆಯಿತು. ಆ ಚರ್ಚೆಯಲ್ಲಿ ಮಾತಾಡಿದವರು ಹೆಣ್ಣುಮಕ್ಕಳು. ನಾನು ಬರೆದುಕೊಂಡೆ.

ಕಾರವಾರದ ಕಾಲೇಜಿಗೆ ಈ ಕೆಲಸ ಇನ್ನಷ್ಟು ಜಟಿಲ, ಇನ್ನಷ್ಟು ಸ್ವಾರಸ್ಯದ್ದು. ಸ್ಥಳೀಯ ಭಾಷೆ ಎಂದು ನಿಯಮ ಹೇಳುತ್ತದೆ. ಯಾವುದು ಸ್ಥಳೀಯ? ಕಾರವಾರ ಪೇಟೆಯಲ್ಲಿ, ಸದಾಶಿವಗಡದಲ್ಲಿ ಅಜ್ಜಿ ಹೊಟ್ಟೆನೋವನ್ನು ಕೊಂಕಣಿಯಲ್ಲೇ ಹೇಳುತ್ತಾಳೆ. ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಕನ್ನಡದ ಧಾಟಿ ಬೆಂಗಳೂರಿನಿಂದ ಬಂದ ಕನ್ನಡಿಗ ಅಧ್ಯಾಪಕನಿಗೇ ಅರ್ಧ ತಿಳಿಯದು. ಯಲ್ಲಾಪುರ ಹಳಿಯಾಳದ ಸಿದ್ದಿಯರು, ಜೋಯಿಡಾದ ಕುಣಬಿಗಳು, ಭಟ್ಕಳದ ನವಾಯತರು, ಒಬ್ಬೊಬ್ಬರದೂ ಒಂದೊಂದು ಮಾತು. ಪದ್ಮಶ್ರೀ ಪಡೆದ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು ನೂರಾರು ಹಾಡುಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದವರು. 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರ ಹಾಡನ್ನು ಬರೆದುಕೊಳ್ಳಲು ಜನ ಅವರ ಊರಾದ ಬಡಗೇರಿಗೆ ಹೋದರು. ಅದೇ ಕೇರಿಯ ಮತ್ತೊಬ್ಬ ಅಜ್ಜಿ ತನ್ನ ಎದೆನೋವನ್ನು ಯಾವ ಮಾತಿನಲ್ಲಿ ಹೇಳುತ್ತಾಳೆ ಎಂದು ಬರೆದುಕೊಳ್ಳುವುದೂ ಅಷ್ಟೇ ಮುಖ್ಯದ ಸಂಗ್ರಹ. ಆ ಸಂಗ್ರಹ ಯಾವ ಪ್ರಾಧ್ಯಾಪಕನಿಂದಲೂ ಒಬ್ಬನಿಂದ ಆಗದು. ಹಾಲಕ್ಕಿ ಮನೆಯ ಮಗು, ಖಾರ್ವಿ ಮನೆಯ ಮಗು ತರಗತಿಯಲ್ಲಿ ಕೂತಿದ್ದರೆ, ಕೂತ ಮಗುವಿಗೆ ತನ್ನ ಮನೆಮಾತು ಇಲ್ಲಿ ನಾಚಿಕೆಯ ವಿಷಯ ಅನ್ನಿಸದಿದ್ದರೆ, ಆಗ ಆಗುತ್ತದೆ.

ಇಲ್ಲಿಂದ ಮೂರನೆಯ ಮಾತಿಗೆ ಹೊರಳುತ್ತೇನೆ. ಈ ದತ್ತಿ ಉಪನ್ಯಾಸದಲ್ಲಿ ದತ್ತುವಿನ ಮಾತು ಬರುವುದು ಕಾಕತಾಳೀಯ.

2021–22ರ ತಂಡದಿಂದ ಆಯೋಗ ಕುಟುಂಬ ದತ್ತು ಕಾರ್ಯಕ್ರಮ ತಂದಿದೆ. ಪ್ರತಿ ವಿದ್ಯಾರ್ಥಿ ಹಳ್ಳಿಯ ಮೂರರಿಂದ ಐದು ಕುಟುಂಬಗಳನ್ನು ದತ್ತು ತೆಗೆದುಕೊಂಡು ಓದಿನ ವರ್ಷಗಳ ಉದ್ದಕ್ಕೂ ಅವರ ಆರೋಗ್ಯ ನೋಡುತ್ತ ಹೋಗಬೇಕು. ಬಿ.ಪಿ., ಸಕ್ಕರೆ, ರಕ್ತಹೀನತೆ, ಮಕ್ಕಳ ಲಸಿಕೆ, ನೀರು, ಕಕ್ಕಸು. ಎಲ್ಲ ಲಾಗ್‌ಬುಕ್ಕಿನಲ್ಲಿ ಬರೆಯಬೇಕು, ಮೇಷ್ಟರು ಸಹಿ ಹಾಕಬೇಕು. ಒಳ್ಳೆಯ ಯೋಜನೆ. ದತ್ತು ಎಂಬ ಪದ ಮಾತ್ರ ನನಗೆ ಹಿಡಿಸಿಲ್ಲ. ಕರಾವಳಿಯ ಒಂದು ಮೀನುಗಾರರ ಕೇರಿಯಲ್ಲಿ ಹದಿನೆಂಟರ ಹುಡುಗನೊಬ್ಬ ಎಪ್ಪತ್ತು ದಾಟಿದ ಅಜ್ಜಿಗೆ, ನಿಮ್ಮ ಮನೆಯನ್ನು ನಾನು ದತ್ತು ತಗೊಂಡಿದ್ದೇನೆ ಎಂದು ಪರಿಚಯ ಹೇಳಿಕೊಂಡ. ಅಜ್ಜಿ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಊಟ ಆಗಿದ್ಯಾ ಮಗಾ?" ಎಂದಳು. ಆಗಿರಲಿಲ್ಲ. ಗಂಜಿ, ಬಂಗಡೆ ಸಾರು ಬಡಿಸಿದಳು. ಅವನು ಉಂಡು ಮುಗಿಸಿ ಬಿ.ಪಿ. ನೋಡಿದ, ಅವಳದ್ದು ಏರಿತ್ತು. ಲಾಗ್‌ಬುಕ್ಕಿನಲ್ಲಿ ಬಿ.ಪಿ.ಗೆ ಅಂಕಣವಿದೆ, ಗಂಜಿಗೆ ಇಲ್ಲ. ಆದರೆ ಉಪ್ಪು ಕಡಿಮೆ ಮಾಡಿ ಎಂದು ಬಾಯಿಪಾಠ ಹೇಳಲು ಹೊರಟ ಹುಡುಗನಿಗೆ, ಮಳೆಗಾಲದಲ್ಲಿ ಆ ಮನೆಯವರು ನೆಚ್ಚುವುದು ಒಣಮೀನನ್ನು ಎಂಬುದು ಆ ಊಟದ ಮಣೆಯಲ್ಲೇ ತಿಳಿದದ್ದು. ಆ ದಿನದಿಂದ ಅವನ ಪ್ರಶ್ನೆಗಳ ಪಟ್ಟಿಯಲ್ಲಿ ಒಣಮೀನು ಸೇರಿತು, ಅದನ್ನು ತೊಳೆದು ನೆನೆಸಿ ಉಪ್ಪು ಬಿಡಿಸಿ ಬೇಯಿಸುವ ಸಲಹೆಯೂ ಸೇರಿತು. ಸಲಹೆ ಅಜ್ಜಿಯ ಸೊಸೆಯದು.

ಇದೇ ಕೇರಿಯ ಸಂಬಂಧ ಇನ್ನೊಂದು ಸಣ್ಣ ಸಂಗತಿ. ನಮ್ಮ ಭೇಟಿಗಳ ವೇಳಾಪಟ್ಟಿ ವಿಶ್ವವಿದ್ಯಾಲಯದ ಕ್ಯಾಲೆಂಡರಿನ ಪ್ರಕಾರ ನಡೆಯುತ್ತಿತ್ತು. ಹೋದಾಗಲೆಲ್ಲ ಮನೆಯಲ್ಲಿ ಹೆಂಗಸರು, ಮಕ್ಕಳು, ಮುದುಕರು. ಗಂಡಸರು ದೋಣಿಯಲ್ಲಿ. ಗಂಡಸರ ಬಿ.ಪಿ., ಕುಡಿತ, ಬೀಡಿ ಯಾವುದೂ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಎರಡನೆಯ ವರ್ಷದ ವಿದ್ಯಾರ್ಥಿಯೊಬ್ಬ, ಮೀನುಗಾರರ ಮನೆಯ ಹುಡುಗ, ಮತ್ತೆ ಅದೇ "ಸರ್, ಒಂದು ಡೌಟು" ಎಂದು ಎದ್ದು ನಿಂತ. ಜೂನ್ ಒಂದರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ, ಆ 61 ದಿನ ಎಲ್ಲರೂ ಬಲೆ ನೇಯುತ್ತ ಮನೆಯಲ್ಲೇ ಇರುತ್ತಾರೆ, ಆಗ ಯಾಕೆ ಹೋಗಬಾರದು ಎಂದ. ಮಳೆಗಾಲದಲ್ಲಿ ಬಸ್ಸಿನ ತೊಂದರೆ, ಪರೀಕ್ಷೆಯ ತೊಂದರೆ ಎಂದು ನಾವು ದೊಡ್ಡವರು ಐದಾರು ಕಾರಣ ಹೇಳಿದೆವು. ಕೊನೆಗೆ ಮೂರು ಶನಿವಾರ ಹೊಂದಿಸಿದೆವು. ಅಷ್ಟರಲ್ಲೇ ಕೇರಿಯ ಅರ್ಧಕ್ಕೂ ಹೆಚ್ಚು ಗಂಡಸರು ಸಿಕ್ಕರು. ಹಾಲಕ್ಕಿ ಕೊಪ್ಪಗಳಿಗೆ ಹೋಗುವವರು ಸುಗ್ಗಿಯ ದಿನಗಳನ್ನು ನೋಡಿಕೊಳ್ಳಬೇಕು, ಬೆಟ್ಟದ ಊರುಗಳಿಗೆ ಹೋಗುವವರು ದರಕಿನ ಕಾಲವನ್ನು. ಈ ಪಂಚಾಂಗ ಬೆಂಗಳೂರಿನಲ್ಲಿ ಅಚ್ಚಾಗುವುದಿಲ್ಲ. ವಿದ್ಯಾರ್ಥಿಗಳ ತಲೆಯಲ್ಲಿದೆ, ಕೇಳಿದರೆ ಹೇಳುತ್ತಾರೆ.

ದಾರಿಯೂ ಇಲ್ಲಿ ಪಾಠವೇ. 2024ರ ಜುಲೈ 16ರಂದು ಇದೇ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ, ಗಂಗಾವಳಿ ನದಿಗೆ ಬಿತ್ತು. ಹೋದ ಜೀವಗಳ ಮಾತು ಇಲ್ಲಿ ನಾನು ನೆನಪಿಸಬೇಕಿಲ್ಲ. ಹೆದ್ದಾರಿ ಮುಚ್ಚಿದ ಆ ದಿನಗಳಲ್ಲಿ ಗೋಕರ್ಣದ ಕಡೆಯ ಬಸುರಿಗೆ ಕಾರವಾರ ಎಷ್ಟು ದೂರವಾಯಿತು ಎಂಬುದು ಯಾವ ಪ್ರಸೂತಿ ಪುಸ್ತಕದಲ್ಲೂ ಇಲ್ಲ. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ನೀವು ವರ್ಷಗಳಿಂದ ಕೇಳುತ್ತಿದ್ದೀರಿ, ನ್ಯಾಯವಾದ ಬೇಡಿಕೆ. ಆಸ್ಪತ್ರೆ ಬಂದಾಗಲೂ, ರೋಗಿಯನ್ನು ಯಾವಾಗ, ಯಾವ ದಾರಿಯಲ್ಲಿ, ಏನು ಬರೆದುಕೊಟ್ಟು ಕಳುಹಿಸಬೇಕು ಎಂದು ಬಲ್ಲ ಡಾಕ್ಟರು ತಾಲ್ಲೂಕಿನಲ್ಲಿ ಇರಲೇಬೇಕು.

ಈಗ ಕೊನೆಯ ಭಾಗ, ಎಡವುವ ಜಾಗಗಳು. ಇಷ್ಟು ಹೊತ್ತು ಚೆಂದದ ಕತೆಗಳನ್ನೇ ಹೇಳಿದೆ. ಎಲ್ಲ ಹೀಗೆಯೇ ನಡೆಯುತ್ತದೆ ಎಂದು ನೀವು ತಿಳಿದರೆ ನಾನು ಸುಳ್ಳು ಹೇಳಿದಂತಾಗುತ್ತದೆ.

ಎಲ್ಲ ಕಾಲೇಜುಗಳಲ್ಲೂ ಫೀಡ್‌ಬ್ಯಾಕ್ ಫಾರಂ ಇದೆ. ತಪಾಸಣೆಗೆ ಬರುವವರು ಫೈಲು ಕೇಳುತ್ತಾರೆ, ಫೈಲು ಇರುತ್ತದೆ. ಹತ್ತು ವರ್ಷ ಆ ಫಾರಂಗಳನ್ನು ನಾನು ಓದಿದ್ದೇನೆ. ಎಲ್ಲದರಲ್ಲೂ ಗುಡ್, ವೆರಿ ಗುಡ್. ಇಂಟರ್ನಲ್ ಅಂಕ ಯಾರ ಕೈಯಲ್ಲಿದೆಯೋ ಅವರ ಬಗ್ಗೆ ಯಾವ ಮಗು ಕೆಟ್ಟದ್ದು ಬರೆದೀತು? ಒಮ್ಮೆ ಮಾತ್ರ ಒಬ್ಬ, ಮೂರನೆಯ ಸಾಲಿನ ಫ್ಯಾನು ತಿರುಗುವುದಿಲ್ಲ ಎಂದು ಬರೆದಿದ್ದ. ಫ್ಯಾನು ರಿಪೇರಿಯಾಯಿತು. ಹತ್ತು ವರ್ಷದ ಫಾರಂಗಳಿಂದ ಆದ ಸುಧಾರಣೆ ಅದೊಂದೇ.

ವಿದ್ಯಾರ್ಥಿಗಳ ಪಾಲಿನ ತಪ್ಪೂ ಇದೆ. ಒಂದು ತಂಡದ ಪ್ರತಿನಿಧಿಗಳನ್ನು ಕೂರಿಸಿಕೊಂಡು, ಏನು ಬದಲಾಗಬೇಕು ಹೇಳಿ ಎಂದೆ. ಹಳ್ಳಿ ಭೇಟಿ ಕಡಿಮೆ ಮಾಡಿ ಸರ್, ಪಿ.ಜಿ. ಎಂಟ್ರೆನ್ಸಿಗೆ ಓದಲು ಸಮಯ ಸಿಗುತ್ತಿಲ್ಲ ಎಂದರು. ಮೊಬೈಲಿನಲ್ಲಿ ಕೋಚಿಂಗ್ ಪಾಠ ಕೊಂಡಿದ್ದಾರೆ, ವಾರ್ಡಿನಲ್ಲಿ ನಿಂತಾಗಲೂ ಒಂದು ಕಿವಿ ಅದಕ್ಕೆ. ಅವರನ್ನು ಬಯ್ಯುವುದು ಸುಲಭ, ಎಂ.ಬಿ.ಬಿ.ಎಸ್. ಒಂದಕ್ಕೇ ಮರ್ಯಾದೆ ಉಳಿಸದ ಸಮಾಜ ನಮ್ಮದೇ. ಆದರೂ ಆ ದಿನ ನಾನು ಆಗುವುದಿಲ್ಲ ಎಂದೆ. ಜೊತೆಗೆ ಕೂರುವುದು ಎಂದರೆ ಕೇಳಿದ್ದಕ್ಕೆಲ್ಲ ತಲೆಯಾಡಿಸುವುದಲ್ಲ. ಔಷಧಶಾಸ್ತ್ರ ಎಷ್ಟು ಕಲಿಯಬೇಕು, ಹೆರಿಗೆ ಎಷ್ಟು ನೋಡಿರಬೇಕು ಎಂಬುದನ್ನು ಕೈಯೆತ್ತಿ ಮತ ಹಾಕಿ ತೀರ್ಮಾನಿಸಲಾಗದು. ಆ ಹೊಣೆ ಅಧ್ಯಾಪಕನದು, ರೋಗಿಗೆ ಹೆಚ್ಚುಕಡಿಮೆಯಾದರೆ ಉತ್ತರ ಕೊಡಬೇಕಾದವನೂ ಅವನೇ. ನಾವು ಕೊನೆಗೆ ಭೇಟಿ ಉಳಿಸಿಕೊಂಡು, ಲಾಗ್‌ಬುಕ್ಕಿನಲ್ಲಿ ಒಂದೇ ಸಂಗತಿಯನ್ನು ಮೂರು ಕಡೆ ಬರೆಯುವ ಶಿಕ್ಷೆ ತೆಗೆದುಹಾಕಿದೆವು. ಅವರ ದೂರಿನಲ್ಲಿ ನಿಜವಿದ್ದದ್ದು ಅಷ್ಟು.

ಇನ್ನೊಂದು ಎಡವು ನಮ್ಮದೇ, ಅಧ್ಯಾಪಕರದು. ಲಕ್ವ ಹೊಡೆದರೆ ನಾಟಿ ಮದ್ದಿಗೆ ಬೆಳಂಬಾರಕ್ಕೆ ಹೋಗುವುದು ಈ ಸೀಮೆಯಲ್ಲಿ ತಲೆಮಾರುಗಳ ನಂಬಿಕೆ. ರಾಜ್ಯದ ಬೇರೆ ಬೇರೆ ಕಡೆಯಿಂದಲೂ ಅಲ್ಲಿಗೆ ಜನ ಬರುತ್ತಾರೆ. ರೋಗಿಯ ಹಿಸ್ಟರಿಯಲ್ಲಿ ವಿದ್ಯಾರ್ಥಿ ನಾಟಿ ಮದ್ದಿನ ಮಾತು ಬರೆದರೆ ಕೆಲವು ಮೇಷ್ಟರುಗಳು ರೋಗಿಯ ಎದುರೇ ಗದರುತ್ತಾರೆ. ಮುಂದಿನ ರೋಗಿ ಅದನ್ನು ಮುಚ್ಚಿಡುತ್ತಾನೆ, ಮುಂದಿನ ವಿದ್ಯಾರ್ಥಿ ಕೇಳುವುದನ್ನೇ ಬಿಡುತ್ತಾನೆ. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಲಕ್ವವಾದಾಗ ಹೆಪ್ಪು ಕರಗಿಸುವ ಔಷಧ ಕೊಡಲು ನಮಗಿರುವುದು ನಾಲ್ಕೂವರೆ ಗಂಟೆ. ಅದನ್ನು ಊರಿನವರ ಮನಸ್ಸಿಗೆ ತಾಗುವಂತೆ, ಅವರ ನಂಬಿಕೆಗೆ ನೋವಾಗದಂತೆ, "ಮೊದಲು ಆಸ್ಪತ್ರೆಗೆ ಬನ್ನಿ, ಆಮೇಲೆ ಎಲ್ಲಿಗೆ ಬೇಕಾದರೂ ಹೋಗಿ" ಎಂದು ಹೇಳುವ ಬಗೆ ಅಂಕೋಲೆಯ ವಿದ್ಯಾರ್ಥಿಗೆ ಬರುತ್ತದೆ. ನನಗೆ ಬರುವುದಿಲ್ಲ, ಮೂವತ್ತು ವರ್ಷ ಪಾಠ ಹೇಳಿಯೂ.

ಹಾಗಾದರೆ ಏನು ಮಾಡಬೇಕು? ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಶಾಲೆಯನ್ನು ರೈತರ ಮಕ್ಕಳ ಬಾಗಿಲಿಗೆ ತಂದ ತಾಲ್ಲೂಕು ಇದು. ಇಲ್ಲಿ ದೊಡ್ಡ ಯೋಜನೆಗಳನ್ನು ಹೇಳಲು ನನಗೆ ಸಂಕೋಚ. ಮೂರು ಸಣ್ಣ ಕೋರಿಕೆ ಇಟ್ಟು ಕೂರುತ್ತೇನೆ. ಕಾಲೇಜಿನ ಪಾಠಕ್ರಮ ಸಮಿತಿ ಸೇರಿದಾಗಲೆಲ್ಲ ಇಬ್ಬರು ವಿದ್ಯಾರ್ಥಿಗಳು, ಒಬ್ಬ ಇಂಟರ್ನ್, ಒಬ್ಬ ಆಶಾ ಕಾರ್ಯಕರ್ತೆ ಮೇಜಿನ ಸುತ್ತ ಕೂರಲಿ. ಗೋಡೆಯ ಪಕ್ಕದ ಕುರ್ಚಿಯಲ್ಲಿ ಬೇಡ. ಪ್ರತಿ ವಿಭಾಗದಲ್ಲಿ ರೋಗಿಯ ಮಾತಿನ ಒಂದು ನೋಟ್‌ಬುಕ್ ಇರಲಿ, ಅದರಿಂದ ವೈವಾದಲ್ಲಿ ಒಂದು ಪ್ರಶ್ನೆ ಬರಲಿ. ಪರೀಕ್ಷೆಗೆ ಬಾರದ್ದನ್ನು ನಮ್ಮ ಮಕ್ಕಳು ಓದುವುದಿಲ್ಲ, ನಾವೂ ಓದಿರಲಿಲ್ಲ.

ಮೂರನೆಯದು ಊರಿನವರಾದ ನಿಮಗೆ. ಬಿಳಿ ಕೋಟು ತೊಟ್ಟ ಹುಡುಗನೋ ಹುಡುಗಿಯೋ ಲಾಗ್‌ಬುಕ್ ಹಿಡಿದು ನಿಮ್ಮ ಜಗಲಿ ಹತ್ತಿದರೆ ಚಹಾ ಕೊಡುತ್ತೀರಿ, ಅದು ನನಗೆ ಗೊತ್ತು. ಅವರು ಕೇಳಿದ ಪ್ರಶ್ನೆ ತಪ್ಪಿದ್ದರೆ ಸುಮ್ಮನೆ ಇಲ್ಲ ಎನ್ನಬೇಡಿ. ಕಾಡಿಗಲ್ಲ, ಬೆಟ್ಟಕ್ಕೆ ಎಂದು ಅಲ್ಲೇ ತಿದ್ದಿ ಕಳಿಸಿ.